ಮೂರನೇ ನಾಜಲ್

ಡೀಸೆಲ್ಲಿಗೆ ನೀರು ಸೇರಿರಬಹುದು. ಫಿಲ್ಟರಿನಲ್ಲಿ ಕೆಸರು ಕಟ್ಟಿರಬಹುದು. ಪೈಪಿನ ನಟ್ಟು ಸಡಿಲಾಗಿ ಗಾಳಿ ಎಳೆದಿರಬಹುದು. ಪಂಪು ಸವೆದಿರಬಹುದು, ಟೈಮಿಂಗ್ ತಪ್ಪಿರಬಹುದು, ಟ್ಯಾಂಕಿನ ಮುಚ್ಚಳದ ತೂತಿನಲ್ಲಿ ಕಣಜದ ಹುಳ ಗೂಡು ಕಟ್ಟಿರಬಹುದು. ನಾನು ಹತ್ತು ವರ್ಷದವಳಿದ್ದ ಆ ಕಾಲದಲ್ಲಿ ಹೊನ್ನಾವರದ ದೋಣಿ ನಿಲ್ಲುವ ದಕ್ಕೆಯಲ್ಲಿ ಒಂದರ ಎಂಜಿನ್ ಕೆಟ್ಟರೆ ಇಷ್ಟು ಕಾರಣಗಳು ತಟ್ಟನೆ ಸಿಗುತ್ತಿದ್ದವು. ಇಂದಿಗೂ ಬಸ್ಸು ಹತ್ತು ನಿಮಿಷ ತಡವಾದರೆ ನನ್ನ ತಲೆ ಇದೇ ಚಾಳಿಯಲ್ಲಿ ಪಟ್ಟಿ ಮಾಡುತ್ತದೆ. ಅದು ಮುಗಿಯುವುದರೊಳಗೆ ಮನೆಯವರು ಚಾ ಕುಡಿದು ಲೋಟ ತೊಳೆದಿಟ್ಟಿರುತ್ತಾರೆ.

ಅಪ್ಪ ದೋಣಿ ಎಂಜಿನ್ನಿನ ಮೇಸ್ತ್ರಿ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಅವನಿಗೆ ಸುಗ್ಗಿ. "ಒಣ ಬಂಗಡೆ ಸಾರಿಗೂ ಡೀಸೆಲ್ ಒಗ್ಗರಣೆ ಬಿತ್ತು" ಎಂದು ಅವನ ಅಂಗಿಯ ವಾಸನೆಗೆ ಆಯಿ ಗೊಣಗುತ್ತಿದ್ದಳು. ಎಂಜಿನ್ ಪರೀಕ್ಷೆಗೆ ಅಪ್ಪನ ಹತ್ತಿರ ಇದ್ದದ್ದು ಒಂದು ಕಬ್ಬಿಣದ ಸರಳು. ಎಂಜಿನ್ ಓಡುವಾಗ ಅದರ ಒಂದು ತುದಿಯನ್ನು ಡೀಸೆಲ್ ಸಿಂಪಡಿಸುವ ನಾಜಲ್ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿಗೊಡುತ್ತಿದ್ದ. ಸರಿಯಿದ್ದ ನಾಜಲ್ ಟಿಕ್ ಟಿಕ್ ಎನ್ನುತ್ತದೆ. ಜಾಮಾದದ್ದರಲ್ಲಿ ಬರೀ ಗುಂಯ್. ಅವನಾದ ಮೇಲೆ ನನ್ನ ಸರದಿ.

"ಎಂತ ಹೇಳ್ತದೆ?"

"ಮಾತಾಡ್ತದೆ ಅಪ್ಪಾ."

"ಆತು, ಮುಂದಿಂದು."

ಸಂಜೆ ಜಗಲಿಯಲ್ಲಿ ಇನ್ನೊಂದು ಆಟ. ಹೊಳೆಯಲ್ಲಿ ಹೋಗುವ ದೋಣಿ ಯಾರದ್ದೆಂದು ಸದ್ದಿನಿಂದಲೇ ಹೇಳಬೇಕು. ಆ ವರ್ಷ ಪ್ರತಿ ಸಲವೂ ನಾನೇ ಗೆದ್ದೆ. ಜಾಣೆಯಾದೆನೆಂದು ಬೀಗಿದೆ. ಎಲ್ಲದಕ್ಕೂ ಚಿಂತೆ ಮಾಡುವ ನನಗೆ, ಅಪ್ಪ ಯಾಕೆ ಸೋಲುತ್ತಿದ್ದಾನೆಂಬ ಚಿಂತೆ ಮಾತ್ರ ಬರಲಿಲ್ಲ.

ಮಳೆ ಹಿಂದಾಗಿ ದೋಣಿಗಳು ಕಡಲಿಗಿಳಿಯುವ ಮುನ್ನಾದಿನ. ಅಪ್ಪನ ಗೆಳೆಯ ಜಟ್ಟಣ್ಣನ ದೋಣಿ. ಅಪ್ಪ ನಾಲ್ಕೂ ನಾಜಲ್‌ಗಳಿಗೆ ಸರಳಿಟ್ಟು "ಎಲ್ಲಾ ಸರಿ ಅದೆ" ಎಂದ. ಆಮೇಲೆ ನಾನು. ಒಂದು, ಎರಡು ಮಾತಾಡಿದವು. ಮೂರು ಸುಮ್ಮನಿತ್ತು. ನಾಲ್ಕು ಮಾತಾಡಿತು. ಮತ್ತೆ ಮೂರಕ್ಕೆ ಇಟ್ಟೆ. ಗುಂಯ್.

ದಕ್ಕೆಯ ಮೇಲೆ ಏಳೆಂಟು ಜನ ನಿಂತಿದ್ದರು. "ಎಂತದೇ ಸಣ್ಣ ಮೇಸ್ತ್ರಿ," ಎಂದ ಜಟ್ಟಣ್ಣ, "ಅಪ್ಪನ್ನ ಪಾಸ್ ಮಾಡ್ತ್ಯಾ, ಫೇಲ್ ಮಾಡ್ತ್ಯಾ?"

ಎಲ್ಲರೂ ನಕ್ಕರು. ಅಪ್ಪನೂ ನಕ್ಕ, ಆದರೆ ಅವನ ಕಣ್ಣು ನನ್ನ ತುಟಿಯ ಮೇಲೇ ಇತ್ತು.

"ಪಾಸು," ಎಂದೆ.

ಹೊಳೆಯೊಳಗೆ ಮೂರು ನಾಜಲ್ ಸಾಕು. ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ, ಅಲೆ ಎದುರು ನುಗ್ಗುವಾಗ, ನಾಲ್ಕೂ ಬೇಕು. ಮರುದಿನ ದೋಣಿ ಅಲೆ ಏರಲಾರದೆ ಹಿಂದೆ ಜಾರಿ, ಮರಳಿನ ದಿಬ್ಬಕ್ಕೆ ಬಡಿದು ಒಡೆಯಿತು. ಜನ ಹೇಗೋ ಈಜಿ ದಡ ಸೇರಿದರು. ಜಟ್ಟಣ್ಣ ಒದ್ದೆ ಬಟ್ಟೆಯಲ್ಲೇ ನಮ್ಮ ಮನೆಗೆ ಬಂದು ಆ ಪಟ್ಟಿಯನ್ನೆಲ್ಲ ಹೇಳಿದ. ನೀರು, ಕೆಸರು, ಗಾಳಿ, ಕಣಜದ ಹುಳ. "ನಿಂದೆಂತ ತಪ್ಪಿಲ್ಲ ಮೇಸ್ತ್ರಿ." ದೋಣಿ ಕಳೆದುಕೊಂಡವನೇ ಸಮಾಧಾನ ಹೇಳುತ್ತಿದ್ದ. ನಾನು ಒಲೆಯ ಹಿಂದೆ ಕೂತಿದ್ದೆ.

ಎಂಜಿನ್ ಮೇಲೆತ್ತಿದ ದಿನ ಅಪ್ಪ ಒಂದೊಂದಾಗಿ ಬಿಚ್ಚಿದ. ಮೂರನೇ ನಾಜಲ್ಲಿನ ಸೂಜಿ ಜಾಮಾಗಿತ್ತು.

"ನಿಂಗೂ ಕೇಳ್ಲಿಲ್ವೇನೇ?"

"ಇಲ್ಲ."

ಅವನ ಮುಖ ಬಿಳಿಚಿತು. ಆ ವಾರವೇ ನನ್ನನ್ನು ಕುಮಟೆಗೆ, ಕಿವಿ ಡಾಕ್ಟರ ಬಳಿಗೆ ಕರೆದೊಯ್ದ. "ನಂದು ಹೋದ್ರೆ ಹೋಗ್ಲಿ ಡಾಕ್ಟ್ರೇ, ವರ್ಷದಿಂದ ಕಮ್ಮಿ ಆಯ್ದು. ಇವ್ಳಿಗೆ ನನ್ನಿಂದ ಬಂತೋ ಏನೋ. ಇವ್ಳದ್ದು ಉಳ್ಸಿ," ಎಂದ. ಡಾಕ್ಟರು ನನ್ನ ಬೆನ್ನ ಹಿಂದೆ ನಿಂತು ಪಿಸುಗುಟ್ಟಿದ ಪ್ರತಿಯೊಂದು ಮಾತನ್ನೂ ನಾನು, ಶಾಲೆಯ ಮಗ್ಗಿಯಂತೆ, ತಿರುಗಿ ಒಪ್ಪಿಸಿಬಿಟ್ಟೆ. ಸುಳ್ಳು ಹೇಳಬೇಕಾದ ಒಂದೇ ಜಾಗದಲ್ಲಿ ನನಗದು ನೆನಪಾಗಲಿಲ್ಲ.

"ಇವಳದ್ದು ಬೆಕ್ಕಿನ ಕಿವಿ," ಎಂದರು ಡಾಕ್ಟರು. ಅಪ್ಪನಿಗೆ ಕೇಳಿಸಲೆಂದು ಎರಡು ಸಲ, ಜೋರಾಗಿ.

ನನಗೆ ಅವತ್ತು ಕೇಳಿಸಿತ್ತೆಂದು ಅಪ್ಪನಿಗೆ ತಿಳಿಯಿತು. ಬೈಯಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನನಗೆ ಬನ್ಸ್ ಕೊಡಿಸಿದ, ತಾನು ತಿನ್ನಲಿಲ್ಲ. ಮನೆ ಮುಟ್ಟಿ ಸರಳನ್ನು ಮಾಡಿನ ಸಂದಿಗೆ ಸಿಕ್ಕಿಸಿದ. ಅದು ಮತ್ತೆ ಇಳಿಯಲಿಲ್ಲ. ಸಂಜೆ ಹೊಳೆಯಲ್ಲಿ ದೋಣಿ ಹೋಯಿತು. ಯಾರದ್ದೆಂದು ಅವನು ಕೇಳಲಿಲ್ಲ. ಆಮೇಲೆಂದೂ ಕೇಳಲಿಲ್ಲ.

ಈಗ ಅಪ್ಪನಿಲ್ಲ, ಜಟ್ಟಣ್ಣನೂ ಇಲ್ಲ. ಎಂಜಿನ್ನಿಗೆ ವಯರು ಸಿಕ್ಕಿಸಿದರೆ ಪರದೆಯೇ ತಪ್ಪು ತೋರಿಸುತ್ತದಂತೆ. ತಪ್ಪು ಹೇಳುವ ಮುಂಚೆ ಪರದೆ ಯಾರ ಮುಖವನ್ನೂ ನೋಡಬೇಕಿಲ್ಲ. ನಾನು ಮಾತ್ರ ಜಗಲಿಯಲ್ಲಿ ಕೂತು ಆ ಪಟ್ಟಿಯನ್ನು ಇನ್ನೂ ಒಂದೊಂದಾಗಿ ಹೊಡೆದುಹಾಕುತ್ತೇನೆ. ಡೀಸೆಲ್ಲಿನಲ್ಲಿ ನೀರಿರಲಿಲ್ಲ. ಫಿಲ್ಟರು ಚೊಕ್ಕವಿತ್ತು. ಪಂಪು ಸರಿಯಿತ್ತು. ಯಾವ ಹುಳವೂ ಗೂಡು ಕಟ್ಟಿರಲಿಲ್ಲ. "ಮೂರನೇದು ಮಾತಾಡೂದಿಲ್ಲ ಅಪ್ಪಾ" ಎನ್ನಬೇಕಿತ್ತು. ಅನ್ನಲಿಲ್ಲ, ಅಷ್ಟೇ.