ಬೊಳ್ಳಮ್ಮನ ನೀಲಿ ನೀರು

ಸುತ್ತಲಿನವರಿಂದ ಜೇನು ಕೊಂಡು ವರ್ತಕರಿಗೆ ಮಾರುವ ಕಕ್ಕಬೆಯ ಬೊಳ್ಳಮ್ಮ ಕೊಳ್ಳುವಾಗ ನಾಲಿಗೆಯನ್ನು ನಂಬುತ್ತಿರಲಿಲ್ಲ. ಮಾರುವವನ ನಾಲಿಗೆಯನ್ನಂತೂ ಇಲ್ಲವೇ ಇಲ್ಲ, ತನ್ನದನ್ನೂ ಇಲ್ಲ. ಹತ್ತು ಡಬ್ಬ ನೆಕ್ಕಿದ ಮೇಲೆ ಹುಣಿಸೆಹಣ್ಣೂ ಸಿಹಿಯೇ.

ಅವಳು ನಂಬಿದ್ದು ಹೊನ್ನೆ ಮರವನ್ನು. ಅದರ ಚಕ್ಕೆ ನೆನೆಸಿದ ನೀರನ್ನು ಬಿಸಿಲಿಗೆ ಹಿಡಿದರೆ ನೀಲಿಯಾಗಿ ಹೊಳೆಯುತ್ತದೆ. ಸುಣ್ಣದ ತಿಳಿ ಬಿದ್ದರೆ ಹೊಳಪು ಏರುತ್ತದೆ, ಹುಳಿ ಬಿದ್ದರೆ ಆರುತ್ತದೆ. ಬೊಳ್ಳಮ್ಮ ಆ ನೀರಿಗೆ ಉಪ್ಪಿನ ಭರಣಿಯ ಪುಟ್ಟ ಚಮಚದಲ್ಲಿ ಜೇನು ಹಾಕಿ ನೀಲಿಯನ್ನು ಆರಿಸುವಳು. ಆಮೇಲೆ ಸುಣ್ಣದ ತಿಳಿಯನ್ನು ತೊಟ್ಟು ತೊಟ್ಟಾಗಿ ಬಿಡುವಳು. ಒಳ್ಳೆಯ ಜೇನಾದರೆ ಐದಾರು ತೊಟ್ಟಿಗೆ ನೀಲಿ ಮರಳುತ್ತದೆ. ಹುಳಿಯೆದ್ದ ಜೇನು ಹನ್ನೆರಡು ತೊಟ್ಟು ಕುಡಿದರೂ ಇನ್ನೂ ಬಾಯಿ ಬಿಡುತ್ತದೆ. ಕಣ್ಣೆದುರೇ ನಡೆಯುವ ಪಂಚಾಯಿತಿ, ಯಾರೂ ಎದುರಾಡುತ್ತಿರಲಿಲ್ಲ.

ಕೊಡಗು ಮೈಸೂರಿಗೆ ಸೇರಿದ ನಾಲ್ಕನೆಯ ವರ್ಷ ಸೋಮವಾರಪೇಟೆ ಕಡೆಯ ವರ್ತಕ ಜಯಪ್ಪ ವಿರಾಜಪೇಟೆಗೆ ಜೇನು ಕೊಳ್ಳಲು ಬಂದ. ಪ್ರತಿ ಡಬ್ಬವನ್ನೂ ಮೂಸಿ, ನೆಕ್ಕಿ, ಮುಖ ಕಿವುಚುವುದು ಅವನ ಪದ್ಧತಿ.

"ನನ್ನ ಡಬ್ಬಕ್ಕೆ ಬೆರಳು ಹಾಕ್ಬೇಡಿ, ನೀರೇ ಹೇಳ್ತದೆ," ಎಂದು ಬೊಳ್ಳಮ್ಮ ಸಂತೆಯ ನಡುವೆ ಸೀಸೆ ಎತ್ತಿದಳು.

ನೀರು ಏನೂ ಹೇಳಲಿಲ್ಲ. ಕಾಫಿ ಕಷಾಯದ ಹಾಗೆ ಕಂದಾಗಿ ಕೂತಿತ್ತು. ಎಷ್ಟು ಸುಣ್ಣ ಬಿಟ್ಟರೂ ನೀಲಿ ಇಲ್ಲ.

"ನಿಮ್ ಲೆಕ್ಕದಾಗೆ ನಿಮ್ ಜೇನೆಲ್ಲ ಹುಳಿ ಆತಲ್ಲಮ್ಮ!" ಜಯಪ್ಪ ನಕ್ಕ. "ಮುಂದಿನ ಸಂತೆಗೂ ನೋಡ್ತೀನಿ. ಮಧ್ಯಾಹ್ನದ ಬಿಸ್ಲಾಗೆ ನಿಮ್ ನೀರು ನಿಜ ಹೇಳಿದ್ರೆ, ಇನ್ಮೇಲೆ ನಿಮ್ ಡಬ್ಬ ಮುಚ್ಚಳ ತೆಗೀದೆ ಒಯ್ತೀನಿ. ಇಲ್ದಿದ್ರೆ ನನ್ ನಾಲಿಗೆನೇ ಗತಿ."

ಮಾತು ಹೋದರೆ ಜೇನಿನ ವ್ಯಾಪಾರದಲ್ಲಿ ಉಳಿಯುವುದು ನೊಣ ಮಾತ್ರ. ಅದು ಬೊಳ್ಳಮ್ಮನಿಗೆ ಗೊತ್ತಿತ್ತು.

ನೀರು ಕೆಟ್ಟದ್ದೇಕೆಂದು ನೋಡಲು ಮನೆಯಲ್ಲಿ ಅವಳು ಹೊನ್ನೆ ನೀರಿನ ಸೀಸೆಗಳನ್ನು ಸಾಲಾಗಿ ಇಟ್ಟಳು. ಬಿಸಿಲಲ್ಲಿಟ್ಟ ನೀರು ಬೇಗ ಸತ್ತಿತು, ಗೋಣಿ ಸುತ್ತಿದ್ದು ಸ್ವಲ್ಪ ಹೆಚ್ಚು ಬಾಳಿತು. ಹೊಳಪು ಚೆನ್ನಾಗಿರಲೆಂದು ಬೆಳಿಗ್ಗೆಯೇ ಸುಣ್ಣ ಬೆರೆಸಿದ್ದು ಎಲ್ಲಕ್ಕಿಂತ ಮೊದಲು ಕಂದಿತು. ಸಂತೆಗೆ ಒಯ್ದ ದಿನ ಅವಳು ಮಾಡಿದ್ದೂ ಅದನ್ನೇ; ಮನೆಯಲ್ಲಾದರೆ ಬೆರೆಸಿದ ಕೂಡಲೇ ಪರೀಕ್ಷೆ ಮುಗಿಯುತ್ತಿತ್ತು.

"ಮದುವಣಗಿತ್ತಿನ ಬೆಳಿಗ್ಗೆನೇ ಸಿಂಗರ್ಸಿ ಬಿಸ್ಲಲ್ಲಿ ನಿಲ್ಸಿದ್ರೆ ಬಾಡದೆ ಎಂಥ ಮಾಡ್ದು?" ಎಂದ ಗಂಡ ಪೂವಯ್ಯ. ಏಲಕ್ಕಿ ತೋಟದ ಕೆಲಸ ಮುಗಿದರೆ ಅವನಿಗಿದ್ದ ಇನ್ನೊಂದು ಕೆಲಸ ಅವಳನ್ನು ಕೆಣಕುವುದು.

ಹಂದಿ ಸಾರಿನ ದಿನ ಅವನೇ ಕೈತಪ್ಪಿ ಒಂದು ಸೀಸೆಗೆ ಕಾಚಂಪುಳಿ ಚೆಲ್ಲಿದ. ಸಾರಿಗೆ ಹಾಕುವ ಆ ಕಪ್ಪು ಹುಳಿ ಬಿದ್ದದ್ದೇ ನೀಲಿ ಮಾಯ. ಬೊಳ್ಳಮ್ಮ ಬೈದು ಸೀಸೆಯನ್ನು ಒಲೆಯ ಹಿಂದಿನ ಕತ್ತಲೆಗೆ ನೂಕಿದಳು.

ನಾಲ್ಕು ದಿನ ಕಳೆದು ತೊಳೆಯಲೆಂದು ತೆಗೆದರೆ ನೀರು ಕಂದಿರಲಿಲ್ಲ. ಏನೋ ತೋಚಿ ಸುಣ್ಣದ ತಿಳಿ ಬಿಡುತ್ತ ಹೋದಳು. ಆರನೆಯ ತೊಟ್ಟಿಗೆ ನೀಲಿ ಕಣ್ಣು ಬಿಟ್ಟಿತು.

"ಏ ಇವರೇ, ಬನ್ನಿ ಇಲ್ಲಿ! ನೀರು ಸತ್ತಿಲ್ಲೆ, ಮಲಗಿತ್ತಷ್ಟೆ. ಇನ್ನೂ ಜೀವ ಉಂಟು!"

"ಹಂಗಾದ್ರೆ ಹುಳಿ ಚೆಲ್ಲಿದ ನನ್ನ ಕೈಗೆ ಒಂದ್ ಬಟ್ಟಲು ಸಾರು ಹೆಚ್ಚು ಬರ್ಬೇಕು," ಎಂದ ಪೂವಯ್ಯ.

ಕೊಲ್ಲುವ ಹುಳಿಯೇ ಕಾಯುವ ಹುಳಿ. ಬೊಳ್ಳಮ್ಮ ಒಂದು ತೊಟ್ಟು ಕಾಚಂಪುಳಿ ಹಾಕಿದ ಹೊನ್ನೆ ನೀರನ್ನು ಟಾನಿಕ್ಕಿನ ಕಂದು ಸೀಸೆಗೆ ತುಂಬಿ, ಗೋಣಿ ಸುತ್ತಿ, ವಿರಾಜಪೇಟೆಯ ಬಸ್ಸು ಹತ್ತಿದಳು. ನಡು ಮಧ್ಯಾಹ್ನ, ಜಯಪ್ಪನ ಮೂಗಿನ ಕೆಳಗೆ, ಪ್ರತಿ ಡಬ್ಬಕ್ಕೂ ಸ್ವಲ್ಪ ನೀರನ್ನು ಗಾಜಿನ ಲೋಟಕ್ಕೆ ಸುರಿದು, ಮೊದಲು ಸುಣ್ಣ ಬಿಟ್ಟು ನೀಲಿಯನ್ನು ಎಬ್ಬಿಸಿದಳು, ಆಮೇಲೆ ಜೇನು, ಮತ್ತೆ ಸುಣ್ಣ. ಮೊದಲ ಡಬ್ಬಕ್ಕೆ ಐದು ತೊಟ್ಟು, ಎರಡನೆಯದಕ್ಕೆ ಆರು. ಏಳನೆಯ ಡಬ್ಬಕ್ಕೆ ಹದಿಮೂರಾದರೂ ನೀಲಿ ಏಳಲಿಲ್ಲ.

ಸಂತೆಯೇ ಬಗ್ಗಿ ನೋಡುತ್ತಿತ್ತು. ಬೊಳ್ಳಮ್ಮ ತನ್ನದೇ ಡಬ್ಬವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. "ಇದು ಬೇಡ. ಹುಳಿ ಬಂದದೆ."

ಜಯಪ್ಪ ಆ ಡಬ್ಬಕ್ಕೆ ಬೆರಳದ್ದಿ ನೆಕ್ಕಿದ. ಈ ಸಲ ಮುಖ ತಾನಾಗಿಯೇ ಕಿವುಚಿತು. "ಉಳಿದದ್ದನ್ನ ಗಾಡಿಗೆ ಏರಿಸ್ರಪ್ಪಾ. ಮುಚ್ಚಳ ತೆಗೀಬ್ಯಾಡಿ," ಎಂದು ಆಳುಗಳಿಗೆ ಕೂಗಿ, ಸೀಸೆ ಕೈಗೆತ್ತಿಕೊಂಡ. "ನನಗೂ ಇಂಥದ್ದೊಂದು ಕೊಡಿ. ಕೆಡದಂಗೆ ಏನು ಹಾಕೀರಿ?"

"ಹಂದಿ ಸಾರಿನ ಹುಳಿ."

ಮಾಂಸದ ವಾಸನೆಗೇ ದೂರ ಸರಿಯುವ ಜಯಪ್ಪ ಸೀಸೆ ಹಿಡಿದಿದ್ದ ಐದು ಬೆರಳು ಎರಡಾದವು.

"ಹೆದರ್ಬೇಡಿ, ಹಣ್ಣಿನ ಹುಳಿ ಅದು. ಹಂದಿ ಮನೆಲೇ ಉಂಟು," ಎಂದಳು ಬೊಳ್ಳಮ್ಮ.

ಸೀಸೆಯನ್ನು ಅವನು ಎರಡೇ ಬೆರಳಲ್ಲಿ ಹಿಡಿದು ಗಾಡಿಯವರೆಗೂ ಒಯ್ದ. ಆದರೆ ಕೆಳಗಿಡಲಿಲ್ಲ.