ಕಣಿವೆಯ ಸೌತೆಬಳ್ಳಿಗೆ ನಾವು ಮಾಡಿದ್ದು

ಆ ದಿನ ನಾವು ಮೂವರು ಹೊರಟಿದ್ದು ಹಾನಗಲ್ ಹತ್ತಿರದ ಒಂದು ಹಳ್ಳಿಯ ನಿಶ್ಚಿತಾರ್ಥಕ್ಕೆ. ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು ನಿಂತಿದ್ದಾಗ ಹೆಣ್ಣಿನ ತಾಯಿಯ ಫೋನು ಬಂತು. ಗಂಡಿನ ಕಡೆ ಯಾರೋ ಹಿರಿಯರು ತೀರಿಕೊಂಡಿದ್ದರಂತೆ, ಕಾರ್ಯ ಮುಂದಕ್ಕೆ ಹೋಗಿತ್ತು. ಹೋದವರು ನಮಗೆ ಗೊತ್ತಿದ್ದವರಲ್ಲ. ಮೂವರೂ ಒಂದೊಂದು ಸಲ ಅಯ್ಯೋ ಪಾಪ ಎಂದು ಮುಗಿಸಿದೆವು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಗೆಳತಿಯರ ಹೆಸರು ಬರೆದರೆ ಇಬ್ಬರೂ ಮನೆಗೇ ಬಂದು ಜಗಳ ತೆಗೆಯುತ್ತಾರೆ. ಆದ್ದರಿಂದ ಊರಿನಿಂದಲೇ ಕರೆಯುತ್ತೇನೆ. ಬ್ಯಾಡಗಿಯವಳು ಗಂಡನ ಜೊತೆ ಮೆಣಸಿನಕಾಯಿ ಅಂಗಡಿ ನೋಡಿಕೊಳ್ಳುತ್ತಾಳೆ. ಮಾರ್ಕೆಟ್ಟಿನ ಗದ್ದಲದಲ್ಲಿ ಬೆಳೆದ ಅವಳ ಗಂಟಲಿಗೆ ಪಿಸುಮಾತು ಎಂಬುದೇ ಗೊತ್ತಿಲ್ಲ. ಹಾವೇರಿಯವಳು ಕೋರ್ಟಿನಲ್ಲಿ ಟೈಪಿಸ್ಟು. ಕಾಗದದ ಮೇಲೆ ಬರೆಯದೆ ಇದ್ದದ್ದನ್ನು ಅವಳು ನಂಬುವುದಿಲ್ಲ. ನಾನು ರಾಣೆಬೆನ್ನೂರಿನವಳು, ಬೀಜದ ಕಂಪನಿಯೊಂದರ ಹೊಲಗಳಲ್ಲಿ, ಅಂದರೆ ಪ್ಲಾಟುಗಳಲ್ಲಿ, ಹೆಂಗಸರ ಕೆಲಸ ನೋಡಿಕೊಳ್ಳುವ ಸೂಪರ್‌ವೈಸರು. ಬಾಯಿ ಜೋರು ಎಂದು ಪ್ಲಾಟಿನವರು ಹೇಳುತ್ತಾರೆ, ಅದು ಸುಳ್ಳಲ್ಲ. ಮೂವರೂ ಹುಟ್ಟಿ ಬೆಳೆದದ್ದು ಐರಣಿಯಲ್ಲಿ. ಕಾಲೇಜಿನ ರಜೆಯಲ್ಲಿ ಒಟ್ಟಿಗೆ ಹೊಲಕ್ಕೆ ಹೋಗಿ ಬೀಜದ ಕ್ರಾಸಿಂಗ್ ಕೆಲಸ ಮಾಡಿದವರು.

"ರಜಾ ಚೀಟಿ ಕೊಟ್ಟ ಬಂದೇನಿ. ಈಗ ಹೊಳ್ಳಿ ಹೋದ್ರ ರಜಾನೂ ಹೋತು, ಮರ್ಯಾದಿನೂ ಹೋತು" ಎಂದಳು ಹಾವೇರಿಯವಳು.

"ರಾತ್ರಿ ಅಲ್ಲೇ ಉಳೀತೇನಿ ಅಂತ ನಮ್ಮ ಮನಿಯವ್ರಿಗೆ ಹೇಳೇನಿ. ಅದು ಸುಳ್ಳಾಗಬಾರದು ನೋಡು" ಎಂದಳು ಬ್ಯಾಡಗಿಯವಳು. ಗಂಡನ ಹತ್ತಿರ ಸತ್ಯವಂತೆಯಾಗಿ ಉಳಿಯಬೇಕು ಎಂಬ ಆಸೆ ಅವಳಿಗೆ ವರ್ಷಕ್ಕೆ ಒಂದು ಸಲ ಬರುತ್ತದೆ.

ಎದುರಿಗೆ ಶಿರಸಿಯ ಬಸ್ಸು ನಿಂತಿತ್ತು. ಹೆಂಗಸರಿಗೆ ಸರ್ಕಾರದ ಬಸ್ಸು ಪುಕ್ಕಟೆ, ಆಧಾರ್ ಕಾರ್ಡು ಮೂವರ ಪರ್ಸಿನಲ್ಲೂ ಇತ್ತು. ನಿಶ್ಚಿತಾರ್ಥದ ಮನೆಗೆಂದು ಮಾಡಿದ್ದ ಶೇಂಗಾ ಉಂಡಿ, ಕರ್ಚಿಕಾಯಿ, ಒಂದು ಕಟ್ಟು ಖಡಕ್ ರೊಟ್ಟಿ ಬ್ಯಾಡಗಿಯವಳ ಚೀಲದಲ್ಲಿದ್ದವು. ಇನ್ನೇನು ಬೇಕು? ಹತ್ತಿ ಕುಳಿತೆವು. ಉಟ್ಟ ಸೀರೆಯ ಹೊರತು ಇನ್ನೊಂದು ಬಟ್ಟೆ ಯಾರ ಹತ್ತಿರವೂ ಇಲ್ಲ ಎನ್ನುವುದು ಹಾನಗಲ್ ದಾಟಿದ ಮೇಲೆ ನೆನಪಾಯಿತು.

ಶಿರಸಿಯಲ್ಲಿ ಇಳಿದು, ಎಲ್ಲಿಗಾದರೂ ಘಟ್ಟದ ಕಡೆ ಹೋಗುವ ಬಸ್ಸು ಯಾವುದು ಎಂದು ಕೇಳಿದೆವು. ಒಂದು ವಸ್ತಿ ಬಸ್ಸು ಸಿಕ್ಕಿತು. ಕಣಿವೆಯ ಕೊನೆಯ ಸ್ಟಾಪಿನಲ್ಲಿ ರಾತ್ರಿ ತಂಗಿ ಮರುದಿನ ಬೆಳಿಗ್ಗೆ ಏಳಕ್ಕೆ ಹೊರಡುವ ಬಸ್ಸು. ಕಂಡಕ್ಟರು ಗದಗಿನ ಕಡೆಯವರು, ಮಾತಿನಿಂದಲೇ ಗೊತ್ತಾಯಿತು.

"ಅಲ್ಲಿ ನೋಡಾಕ ಏನೂ ಇಲ್ಲರಿ ಅಕ್ಕಾರ" ಎಂದರು.

"ಏನೂ ಇಲ್ಲದ ಊರಽ ಬೇಕ್ರೀ ನಮಗ" ಎಂದೆ ನಾನು.

ಏನೂ ಇಲ್ಲ ಎಂದರೆ ನಿಜಕ್ಕೂ ಏನೂ ಇರಲಿಲ್ಲ. ಮೂರು ಕಡೆ ಗುಡ್ಡ, ನಡುವೆ ಸಣ್ಣ ಹಳ್ಳ, ಅಲ್ಲೊಂದು ಇಲ್ಲೊಂದು ಮನೆ. ಬಸ್ಸಿನ ಇಂಜಿನ್ನು ಬಂದಾದ ಕೂಡಲೇ ಕಿವಿಯಲ್ಲಿ ಗುಯ್ ಎನ್ನತೊಡಗಿತು. ಹೈವೇ ಪಕ್ಕ ಮನೆ ಇರುವ ಹಾವೇರಿಯವಳು ಗಾಬರಿಯಾಗಿ, "ಯಾಕವ್ವಾ, ಏನಾತು?" ಎಂದು ಕೇಳಿದಳು. ಏನೂ ಆಗಿಲ್ಲ, ಇದು ಶಾಂತಿ, ದುಡ್ಡು ಕೊಟ್ಟು ಮಂದಿ ಇದಕ್ಕೇ ಬರುತ್ತಾರೆ ಎಂದು ಸಮಾಧಾನ ಮಾಡಬೇಕಾಯಿತು.

ಕಂಡಕ್ಟರು ತೋರಿಸಿದ ಮನೆಯಲ್ಲಿ ಬಂದವರಿಗೆ ಒಂದು ಕೋಣೆ ಕೊಡುತ್ತಿದ್ದರು. ಮನೆಯೊಡತಿಗೆ ಐವತ್ತರ ಹತ್ತಿರದ ವಯಸ್ಸು, ತೆಳ್ಳಗಿನ ಹೆಂಗಸು. ಗಂಡ ಕೆಲಸಕ್ಕೆಂದು ಕಾರವಾರದ ಕಡೆ ಹೋಗಿದ್ದರು. ನಾವು ಏನು ಕೇಳಿದರೂ ಆಕೆಯದು "ಅಡ್ಡಿಲ್ಲ" ಎಂಬ ಒಂದೇ ಉತ್ತರ. ಬಿಸಿನೀರು ಬೇಕಿತ್ತು, ಅಡ್ಡಿಲ್ಲ. ನಮ್ಮ ರೊಟ್ಟಿ ನಾವೇ ತಿನ್ನುತ್ತೇವೆ, ಅಡ್ಡಿಲ್ಲ. ಒಮ್ಮೆ ಮಾತ್ರ ಓಡಿ ಬಂದು ಬಾಗಿಲಲ್ಲಿ ನಿಂತು, "ಎಂತ ಜಗಳ? ಬಿಡಿ, ಬಿಡಿ" ಎಂದರು. ನಾವು ಜಗಳ ಆಡುತ್ತಿರಲಿಲ್ಲ, ಸುಮ್ಮನೆ ಮಾತಾಡುತ್ತಿದ್ದೆವು.

ಸಂಜೆ ಚಹಾ ಕುಡಿದು ಹಿತ್ತಲಿಗೆ ಹೋದೆವು. ಅಲ್ಲಿ ಕೋಲಿನ ಚಪ್ಪರಕ್ಕೆ ಒಂದು ಸೌತೆಬಳ್ಳಿ ಹಬ್ಬಿಸಿ, ಮೇಲೆ ಅಲ್ಲಲ್ಲಿ ಹರಿದ ಹಳೆಯ ಬಲೆ ಹೊದಿಸಿದ್ದರು. ಬುಡದ ಎಲೆಗಳು ಆಗಲೇ ಒಣಗಿದ್ದವು. ನಾವು ಬಳ್ಳಿಯ ಎರಡೂ ಬದಿಗೆ ನಿಂತು ಗಂಡಿನ ತಾಯಿಯ ವಿಚಾರ ಮಾತಾಡತೊಡಗಿದೆವು. ಒಳ್ಳೆಯ ವಿಷಯ, ಬೇಗ ಮುಗಿಯುವಂಥದ್ದಲ್ಲ.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಸೌತೆಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಹಿಂದೆ ಕಡ್ಡಿಯಷ್ಟು ಸಣ್ಣ ಕಾಯಿ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಹೈಬ್ರಿಡ್ ಬೀಜ ಮಾಡುವ ಪ್ಲಾಟಿನಲ್ಲಿ ಹೆಣ್ಣು ಸಾಲಿನ ಬಳ್ಳಿಗಳಿಂದ ಗಂಡು ಮೊಗ್ಗುಗಳನ್ನೆಲ್ಲ ಅರಳುವ ಮೊದಲೇ ಚಿವುಟಿ ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಗಂಡು ಹೂ ತಂದು ಹೆಣ್ಣು ಹೂವಿಗೆ ಮುಟ್ಟಿಸಬೇಕು. ಇದೇ ಕ್ರಾಸಿಂಗ್. ಒಂದು ಗಂಡು ಮೊಗ್ಗು ಉಳಿದರೂ ಬೀಜ ಕೆಟ್ಟಿತು. ಹದಿನೆಂಟು ವರ್ಷದಿಂದ ನಾನು ಇದಕ್ಕಾಗಿಯೇ ಹೆಂಗಸರನ್ನು ಬೈಯುತ್ತ ಬಂದಿದ್ದೇನೆ.

ಮನೆಯೊಡತಿ ಬಕೆಟ್ಟು ಹಿಡಿದು ಹಿತ್ತಲಿಗೆ ಬಂದಾಗ ನಾವು ಗಂಡಿನ ಅಕ್ಕನವರೆಗೆ ತಲುಪಿದ್ದೆವು. ಆಕೆ ನಗುತ್ತ ಬಲೆ ಸರಿಸಿ ಒಂದು ಹೂ ತೋರಿಸಿದರು.

"ನೋಡಿ, ನಾಳೆ ಅರಳ್ತದೆ. ಹೆಣ್ಣು ಹೂ ಅಂತ ಹಿಡಿದದ್ದು ಇದೊಂದೇ. ಇದು ನಮ್ಮ ಮನೆ ಸೌತೆ. ಬೀಜ ಎಲ್ಲಿಯೂ ಸಿಗೂದಿಲ್ಲ. ಹೋದ ವರ್ಷ ಬೀಜಕ್ಕೆ ಬಿಟ್ಟ ಕಾಯಿ ಎಲ್ಲ ಮಂಗ ತಿಂತು. ಡಬ್ಬಿಯಲ್ಲಿ ಐದು ಬೀಜ ಉಳ್ದಿತ್ತು. ಐದೂ ಹಾಕ್ದೆ, ಒಂದೇ ಹುಟ್ತು. ಇದರಲ್ಲೊಂದು ಕಾಯಿ ನಿಂತರೆ ಸಾಕು."

ನಾನು ಕೆಳಗೆ ನೋಡಿದೆ. ನನ್ನ ಸೆರಗಿನ ಮಡಿಲಲ್ಲಿ ಒಂದು ಹಿಡಿ ಗಂಡು ಮೊಗ್ಗು ಇತ್ತು. ಬ್ಯಾಡಗಿಯವಳ ಬೆರಳ ನಡುವೆ ಒಂದು ಇತ್ತು. ಉಳಿದದ್ದನ್ನು ಅವಳು ಚಿವುಟಿ ಚಿವುಟಿ ನೆಲಕ್ಕೆ ಒಗೆದಿದ್ದಳು. ಹಾವೇರಿಯವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗುಡ್ಡ ನೋಡುತ್ತಿದ್ದಳು. ಬಳ್ಳಿಯ ಮೇಲೆ ಒಂದೇ ಒಂದು ಗಂಡು ಮೊಗ್ಗು ಉಳಿದಿರಲಿಲ್ಲ. ನನ್ನ ಪ್ಲಾಟಿನಲ್ಲಿ ಆಗಿದ್ದರೆ ಮೂವರಿಗೂ ಶಹಬ್ಬಾಸ್ ಹೇಳುತ್ತಿದ್ದೆ.

"ಈ ಬೀಜಾನ ಯಾಕ್ರಿ? ಅಂಗಡಿಯಿಂದ ಒಂದ ಪಾಕೀಟ ತಂದ್ರಾತಲ್ರಿ" ಎಂದಳು ಬ್ಯಾಡಗಿಯವಳು, ಅಪರಾಧವನ್ನು ಸಣ್ಣದು ಮಾಡುವ ಆಸೆಯಿಂದ.

"ತಂದು ನೋಡಿದ್ದೇನೆ. ಕಾಯಿ ಚೆನ್ನಾಗಿಯೇ ಬಿಡ್ತದೆ. ಅದರ ಬೀಜ ತೆಗೆದು ಹಾಕಿದ್ರೆ ಮರುವರ್ಷ ಬೇರೆ ಎಂತದೋ ಆಗ್ತದೆ. ಇದು ಹಾಗಲ್ಲ. ಇದು ಇದೇ ಆಗ್ತದೆ."

ಆ ಪಾಕೀಟಿನ ಬೀಜ ಮಾಡಿಸುವವಳು ನಾನೇ. ಆಕೆ ಹೇಳಿದ್ದು ಸರಿ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನಗೆ ನೆಲ ನೋಡುವಷ್ಟು ನಾಚಿಕೆಯಾಯಿತು.

ಹಾವೇರಿಯವಳು ನನ್ನ ಕಿವಿಯ ಹತ್ತಿರ ಬಂದು, "ಸುಮ್ನಿರು. ಮಂಗ್ಯಾ ಬಂದಿತ್ತು ಅಂದ್ರಾತು. ಸಾಕ್ಷಿ ಯಾರದಾರ?" ಎಂದಳು. ಇಷ್ಟು ವರ್ಷ ಕೋರ್ಟಿನಲ್ಲಿ ಕುಳಿತು ಅವಳು ಕಲಿತದ್ದು ಇಷ್ಟು.

ಒಂದು ಗಳಿಗೆ ನನಗೂ ಹಾಗೇ ಅನಿಸಿತು. ನಾಳೆ ಏಳಕ್ಕೆ ಬಸ್ಸು, ಹೂ ಅರಳಿ ಬಾಡಿ ಕಾಯಿ ಉದುರುವ ಹೊತ್ತಿಗೆ ನಾವೆಲ್ಲೋ ಆಕೆ ಎಲ್ಲೋ. ಆದರೆ ಆಕೆ ಆ ಹೂವಿನ ಮೇಲೆ ಬಲೆಯನ್ನು ಮತ್ತೆ ಹೊದಿಸುತ್ತಿದ್ದ ರೀತಿ ನೋಡಿ ಸುಮ್ಮನಿರಲು ಆಗಲಿಲ್ಲ. ಸೆರಗಿನ ಮಡಿಲು ಬಿಚ್ಚಿ ತೋರಿಸಿದೆ.

"ಅಕ್ಕಾರ, ತಪ್ಪಾತ್ರಿ. ಮಾತಾಡಕೋಂತ ಎಲ್ಲಾ ಗಂಡ ಮೊಗ್ಗು ಕಿತ್ತಬಿಟ್ಟೇವ್ರಿ."

ಆಕೆ ಮೊಗ್ಗು ನೋಡಿದರು, ಬಳ್ಳಿ ನೋಡಿದರು. ಆಮೇಲೆ ನಮ್ಮ ಮೂರು ರೇಷ್ಮೆ ಸೀರೆ ನೋಡಿದರು.

"ಎಂತಕ್ಕೆ ಕಿತ್ತದ್ದು?"

"ಕೈಗೆ ರೂಢಿ ಬಿದ್ದೈತ್ರಿ" ಎಂದೆ. ನನ್ನ ಕಿವಿಗೇ ಅದು ಕಳ್ಳರ ಮಾತಿನಂತೆ ಕೇಳಿಸಿತು. ಕಂಪನಿ, ಪ್ಲಾಟು, ಕ್ರಾಸಿಂಗ್ ಎಲ್ಲವನ್ನೂ ಹೇಳಿದೆ. ಅಕ್ಕಪಕ್ಕ ಯಾರದಾದರೂ ಸೌತೆಬಳ್ಳಿ ಇದೆಯೇ ಎಂದು ಕೇಳಿದೆ. ಇರಲಿಲ್ಲ, ಮಂಗಗಳು ಎಲ್ಲವನ್ನೂ ಮುಗಿಸಿದ್ದವು. ಆಕೆ ಬೈಯಲಿಲ್ಲ. ಅಡ್ಡಿಲ್ಲ ಎಂದೂ ಹೇಳಲಿಲ್ಲ.

ಆಮೇಲೆ ನನ್ನೊಳಗಿನ ಸೂಪರ್‌ವೈಸರು ಎದ್ದಳು. ತುದಿ ಹಳದಿಯಾದ ಗಂಡು ಮೊಗ್ಗನ್ನು ಸಂಜೆ ಕಿತ್ತು ನೀರಿನಲ್ಲಿಟ್ಟರೆ ಬೆಳಿಗ್ಗೆ ಅರಳುತ್ತದೆ. ನಮ್ಮಲ್ಲಿ ಹಾಗೂ ಮಾಡುವುದುಂಟು. ಒಂದು ಲೋಟದಲ್ಲಿ ನೀರು ಕೇಳಿ ತೆಗೆದುಕೊಂಡು, ಇಬ್ಬರಿಗೂ ನೆಲದಲ್ಲಿ ಹುಡುಕಲು ಹೇಳಿದೆ. ರೇಷ್ಮೆ ಸೀರೆಯಲ್ಲಿ ಮೊಣಕಾಲೂರಿ ಮೂವರೂ ಮಣ್ಣು ಕೆದಕಿದೆವು. ಬ್ಯಾಡಗಿಯವಳು ಪ್ರತಿ ಮೊಗ್ಗಿಗೂ ಹರಾಜಿನಲ್ಲಿ ಕೂಗುವಂತೆ "ಇದು ನಡೀತೈತೇನ? ಇದು?" ಎಂದು ಕೂಗಿ ಕಣಿವೆಯ ಶಾಂತಿಯನ್ನೆಲ್ಲ ಹಾಳು ಮಾಡಿದಳು. ಬಹಳಷ್ಟು ಎಳೆಯವು, ಪ್ರಯೋಜನವಿಲ್ಲ. ತುದಿ ಹಳದಿಯಾದವು ನನ್ನ ಸೆರಗಿನವೂ ಸೇರಿ ಮೂರೇ ಸಿಕ್ಕವು.

ಬೆಳಿಗ್ಗೆ ನೋಡಿದರೆ ಲೋಟದಲ್ಲಿ ಎರಡು ಮೊಗ್ಗು ಬಾಯಿ ಬಿಡತೊಡಗಿದ್ದವು, ಒಂದು ಹಾಗೇ ಮುದುಡಿತ್ತು. ಹೆಣ್ಣು ಹೂ ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಮಂಜು ಆರಬೇಕು, ಬಿಸಿಲು ಬೀಳಬೇಕು, ಎಂಟಾದರೂ ಆಗುತ್ತದೆ. ಏಳಕ್ಕೆ ಬಸ್ಸು ಹಾರ್ನ್ ಹಾಕಿತು. ಮುಂದಿನ ಬಸ್ಸು ಮಧ್ಯಾಹ್ನಕ್ಕೆ. ನಾನು ಹಾವೇರಿಯವಳ ಮುಖ ನೋಡಿದೆ, ಏಕೆಂದರೆ ರಜೆ ಒಂದೇ ದಿನದ್ದು. ಅವಳು ಫೋನು ತೆಗೆದು ಆಫೀಸಿಗೆ ಹಚ್ಚಿ, "ಸಾಹೇಬ್ರ, ಬಸ್ಸು ತಪ್ಪೇತ್ರಿ" ಎಂದಳು. ಬಸ್ಸು ಅವಳ ಕಣ್ಣೆದುರಿಗೇ ನಿಂತಿತ್ತು. ಆಫೀಸಿಗೆ ಎಂದೂ ಸುಳ್ಳು ನೆಪ ಹೇಳದವಳು ನನಗಾಗಿ ಹೇಳಿದಳು, ಆ ಋಣ ನನ್ನ ಮೇಲಿದೆ.

"ಬರ್ತೀರೇನ್ರಿ ಅಕ್ಕಾರ?" ಎಂದು ಕಂಡಕ್ಟರು ಕೂಗಿದರು.

"ಇಲ್ರೀ, ಹೂವಿನ ಕೆಲಸ ಐತಿ" ಎಂದಳು ಬ್ಯಾಡಗಿಯವಳು. ನಮ್ಮ ಸೀರೆ ನೋಡಿ ಅವರು ಪೂಜೆ ಇರಬೇಕು ಎಂದುಕೊಂಡು ಕೈಮುಗಿದು ಹೋದರು.

ಬಿಸಿಲು ಬಳ್ಳಿಗೆ ಬಂದಾಗ ಹೂ ಬಿಚ್ಚಿತು. ಮನೆಯೊಡತಿ ನೋಡಲು ಬರಲಿಲ್ಲ. ಒಳಗೆ ಪಾತ್ರೆಗಳ ಸದ್ದು ಮಾತ್ರ ಜೋರಾಗಿ ಕೇಳುತ್ತಿತ್ತು. ನಾನು ಲೋಟದಿಂದ ಒಂದು ಗಂಡು ಹೂ ತೆಗೆದು, ಎಸಳು ಹಿಂದಕ್ಕೆ ಮಡಚಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಮುಟ್ಟಿಸಿದೆ. ಲೆಕ್ಕವಿಲ್ಲದಷ್ಟು ಹೂಗಳಿಗೆ ಮಾಡಿದ ಕೆಲಸ. ಆದರೂ ಮುಟ್ಟಿಸಿದ ಮೇಲೆ ಎರಡು ಸಲ ಬಗ್ಗಿ ನೋಡಿದೆ. ಎರಡನೆಯದನ್ನೂ ಮುಟ್ಟಿಸಿದೆ. ಗೆಳತಿಯರಿಬ್ಬರೂ ಪಕ್ಕದಲ್ಲೇ ನಿಂತಿದ್ದರು. ಬ್ಯಾಡಗಿಯವಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ.

"ಪಾಸಾತೇನ?" ಎಂದಳು ಕೊನೆಗೆ.

"ನಾಕೈದ ದಿನ ಬೇಕು. ಹಿಂದಿನ ಕಾಯಿ ಹಳದಿಯಾಗಿ ಉದುರಿದ್ರ ಹೋತು. ಹಸರ ಉಳದು ದಪ್ಪಾತು ಅಂದ್ರ ನಿಂತಂಗ."

ಮಧ್ಯಾಹ್ನ ಹೊರಡುವಾಗ ಮನೆಯೊಡತಿಗೆ ನನ್ನ ಫೋನ್ ನಂಬರು ಬರೆದುಕೊಟ್ಟೆ. ಆಕೆ ತೆಗೆದುಕೊಂಡು ಚೀಟಿಯನ್ನು ಮಡಚಿದರು. ಮತ್ತೆ ಬನ್ನಿ ಎನ್ನಲಿಲ್ಲ. ಬಸ್ಸಿನಲ್ಲಿ ಮೂವರೂ ಉಂಡಿ ತಿಂದೆವು, ಆದರೆ ಬಾಯಿಗೆ ರುಚಿ ಹತ್ತಲಿಲ್ಲ.

ಮರುದಿನದಿಂದ ನಾನು ಐರಣಿಯ ಪ್ಲಾಟಿನಲ್ಲಿದ್ದೆ. ಅಲ್ಲಿಯೂ ಸೌತೆ, ಸಾಲು ಸಾಲಾಗಿ. ಹೆಂಗಸರು ಗಂಡು ಮೊಗ್ಗು ಚಿವುಟುವಾಗ ಪ್ರತಿ ಸಲ ನನಗೆ ಆ ಬಳ್ಳಿ ನೆನಪಾಗುತ್ತಿತ್ತು. "ಯಾಕ್ರಿ ಅಕ್ಕಾ, ಈ ಸಲ ನಮ್ಮನ್ನ ಬಯ್ಯವಲ್ರಿ? ಆರಾಮ ಇಲ್ಲೇನ್ರಿ?" ಎಂದು ಅವರು ನಕ್ಕರು. ಸಂಜೆ ಆದರೆ ಇಬ್ಬರು ಗೆಳತಿಯರ ಫೋನು. ಮಕ್ಕಳ ರಿಸಲ್ಟಿಗೂ ಅವರು ಹಾಗೆ ಕಾದಿರಲಿಲ್ಲ. ಸಾವಿರಾರು ಕಾಯಿ ನನ್ನ ಕೈಯಿಂದ ದಾಟಿಹೋಗಿವೆ, ಯಾವುದು ನಿಂತಿತು ಯಾವುದು ಉದುರಿತು ಎಂದು ಒಂದರ ಬಗ್ಗೆಯೂ ನಾನು ನಿದ್ದೆ ಕೆಡಿಸಿಕೊಂಡವಳಲ್ಲ. ಈ ಒಂದಕ್ಕೆ ದಿನಕ್ಕೆ ಹತ್ತು ಸಲ ಫೋನು ತೆಗೆದು ನೋಡುತ್ತಿದ್ದೆ.

ಆರನೆಯ ದಿನ ಬೆಳಿಗ್ಗೆ ಪ್ಲಾಟಿನ ನಡುವೆ ನಿಂತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ನಿಂತಿದೆ" ಎಂದಿತು ಆ ಕಡೆಯ ದನಿ. "ಹಸಿರೇ ಇದೆ. ಬೆರಳಷ್ಟು ದಪ್ಪ ಆಯ್ತು."

ನಾನು ಅಲ್ಲೇ ಬದುವಿನ ಮೇಲೆ ಕುಳಿತುಬಿಟ್ಟೆ. ಸಾಲಿನ ಹೆಂಗಸರು ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ಕಣ್ಣಲ್ಲಿ ನೀರು ಬಂದಿತ್ತು, ಧೂಳು ಎಂದು ಒರೆಸಿಕೊಂಡೆ.

"ಕೇಳ್ತಿದೆಯಾ? ಮತ್ತೊಂದು ಹೆಣ್ಣು ಹೂ ಬಂದಿದೆ, ಚಪ್ಪರದ ತುದಿಯಲ್ಲಿ. ಗಂಡು ಹೂವೂ ನಾಲ್ಕು ಬಿಟ್ಟಿದೆ. ನೀವು ತಿಳಿದವರು. ಇದಕ್ಕೆ ಎಂತ ಮಾಡ್ಬೇಕು?"

"ಏನೂ ಮಾಡಬ್ಯಾಡ್ರಿ ಅಕ್ಕಾರ" ಎಂದೆ. "ಯಾರಿಗೂ ಮುಟ್ಟಾಕ ಕೊಡಬ್ಯಾಡ್ರಿ."