ತಿರುವಿನಲ್ಲಿ ನಿಂತ ಆನೆ

ಹಾನುಬಾಳಿಗೆ ಹೋಗಲು ಎಸ್ಟೇಟ್ ಕೆಲಸದ ಹೆಂಗಸರ ಜೀಪು ಹತ್ತಿದ್ದೆ. ಒಂದು ತಿರುವಿನಲ್ಲಿ ಡ್ರೈವರ್ ಲೋಕಣ್ಣ ಗಕ್ಕನೆ ನಿಲ್ಲಿಸಿ ಎಂಜಿನ್ ಆರಿಸಿದ. ಮುಂದೆ ಮಂಜಿನಲ್ಲಿ ಆನೆ ನಿಂತಿತ್ತು. ಎಷ್ಟು ಹೊತ್ತಾದರೂ ಅದು ಅಲುಗಲಿಲ್ಲ.

“ರೆಸಾರ್ಟಿನೋರು ಜಾಹೀರಾತಿಗೆ ನಿಲ್ಸಿರೋ ತಗಡಿನ ಆನೆ,” ಎನ್ನುತ್ತ ಲೋಕಣ್ಣ ಜೀಪು ಹೊರಡಿಸಿದ.

“ಗೊತ್ತಿದ್ದೂ ನಿಲ್ಲಿಸಿದಿರಾ?”

“ನಿಜವಾದ್ದೂ ಇಲ್ಲೇ ದಾಟ್ತೈತೆ ಕಣ್ರೀ. ಕಿವಿ ಬೀಸ್ತದಾ ಅಂತ ನೋಡ್ಕಂಡೇ ಹೋಗ್ಬೇಕು.”

ಬಣ್ಣ ಬಳಿದವನ ಕೈ ಮೆಚ್ಚಬೇಕು, ಸೊಂಡಿಲಿನ ಸುಕ್ಕನ್ನೂ ಬಿಟ್ಟಿರಲಿಲ್ಲ. ಹೊಟ್ಟೆಯ ಮೇಲೆ ದಪ್ಪ ಅಕ್ಷರಗಳಿದ್ದವು. ಓದುವಷ್ಟರಲ್ಲಿ ಜೀಪು ಮುಂದೆ ಹೋಗಿತ್ತು. ಯಾವ ರೆಸಾರ್ಟು ಎಂದು ಕೇಳಿದೆ. ದಿನವೂ ಅಲ್ಲಿ ನಿಲ್ಲುವ ಜೀಪಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

“ಹೊಟ್ಟೆ ಯಾರು ನೋಡ್ತಾರೆ?” ಅಂದಳು ಪಕ್ಕದ ಹೆಂಗಸು. “ನಾವು ನೋಡೋದು ಕಿವಿ.”